ಯೋಗ ತರಗತಿಗೆ ಸೇರಿ 14 ತಿಂಗಳು: ದುಡ್ಡು ಕಟ್ಟೋ ಮುಂಚೆ ಬ್ಯಾಚಿನಲ್ಲಿ ಎಷ್ಟು ಜನ ಅಂತ ಕೇಳಿ

ಮೈಸೂರಿನಲ್ಲೇ ಹುಟ್ಟಿ ಬೆಳೆದವಳು ನಾನು. ಹೆಗಲಿಗೆ ಮ್ಯಾಟ್ ಹಾಕಿಕೊಂಡು, ಯೋಗ ಕಲಿಯೋಕೆ ಅಂತ ನಮ್ಮೂರಿನ ಗೋಕುಲಂ ಬಡಾವಣೆ ಕಡೆ ಓಡಾಡುವ ವಿದೇಶಿಯರನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಆದರೆ ನಾನೇ ಕಲಿಯಬೇಕು ಅಂತ ಅನ್ನಿಸಿದ್ದು 46ನೇ ವಯಸ್ಸಿನಲ್ಲಿ, ಬ್ಯಾಂಕ್ ಕೌಂಟರಿನಲ್ಲಿ ಕೂತು ಕೂತು ಸೊಂಟ ಹಿಡಿದುಕೊಂಡ ಮೇಲೆ. ಡಾಕ್ಟರ್ ನೋಡಿ, ಡಿಸ್ಕ್ ತೊಂದರೆ ಏನಿಲ್ಲ, ಸರಿಯಾಗಿ ಹೇಳಿಕೊಡುವವರ ಹತ್ತಿರ ಯೋಗ ಕಲಿಯಿರಿ ಅಂದರು. ಮನೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಒಂದು ಯೋಗ ಶಾಲೆ ಇತ್ತು, ಸೇರಿದೆ. ವಾರಕ್ಕೆ ಮೂರು ದಿನ, ಬೆಳಿಗ್ಗೆ 6ರಿಂದ 7. ತಿಂಗಳಿಗೆ 1,800 ರೂಪಾಯಿ, ಮೂರು ತಿಂಗಳದ್ದು ಒಟ್ಟಿಗೆ ಕಟ್ಟಿದರೆ 4,800.

ಮೊದಲ ವಾರವೇ ಪಶ್ಚಿಮೋತ್ತಾನಾಸನ ಬಂತು. ಕಾಲು ಚಾಚಿ ಕೂತು ಮುಂದಕ್ಕೆ ಬಾಗಬೇಕು. ಪಕ್ಕದವರ ಹಣೆ ಮೊಣಕಾಲಿಗೆ ತಾಗುತ್ತಿತ್ತು, ನನ್ನ ಕೈ ಮೊಣಕಾಲು ದಾಟಿ ಮುಂದೆ ಹೋಗಲಿಲ್ಲ. ಮೇಡಂ ಬಂದು ಎರಡು ಕಂಬಳಿ ಮಡಚಿ ನನ್ನನ್ನು ಅದರ ಮೇಲೆ ಕೂರಿಸಿದರು. ಪಾದಕ್ಕೆ ಒಂದು ಬೆಲ್ಟ್ ಸುತ್ತಿ ಎರಡೂ ತುದಿ ಕೈಗೆ ಕೊಟ್ಟರು. "ಮುಟ್ಟೋದು ಬೇಡ. ಬೆನ್ನು ಉದ್ದ ಮಾಡಿ, ಉಸಿರು ಬಿಡ್ತಾ ಬನ್ನಿ" ಅಂದರು. ಯಾಕೆ ಅಂತಲೂ ಹೇಳಿದರು: ದಿನವಿಡೀ ಕುರ್ಚಿಯಲ್ಲಿ ಕೂರುವವರಿಗೆ ತೊಡೆಯ ಹಿಂಭಾಗ ಬಿಗಿಯಾಗಿರುತ್ತದೆ, ನೆಲದಲ್ಲಿ ಕೂತಾಗ ಅದು ಸೊಂಟದ ಮೂಳೆಯನ್ನು ಹಿಂದಕ್ಕೆ ಎಳೆಯುತ್ತದೆ, ಹಾಗಾಗಿ ನಾವು ಬಾಗುವುದು ಸೊಂಟದ ಕೀಲಿನಿಂದ ಅಲ್ಲ, ನಡುಬೆನ್ನಿನಿಂದ. ಕಂಬಳಿ ಮೇಲೆ ಕೂತರೆ ಸೊಂಟ ಸ್ವಲ್ಪ ಮುಂದಕ್ಕೆ ವಾಲುತ್ತದೆ. ಇಷ್ಟು ತಿಳಿದ ಮೇಲೆ ಪಕ್ಕದವರನ್ನು ನೋಡೋದು ಬಿಟ್ಟೆ.

ಬೆಲ್ಟು, ಮರದ ಇಟ್ಟಿಗೆ, ಕುರ್ಚಿ, ಗೋಡೆ, ಎಲ್ಲವನ್ನೂ ಇಲ್ಲಿ ಬಳಸುತ್ತಾರೆ. ಇದು ಬಿ.ಕೆ.ಎಸ್. ಅಯ್ಯಂಗಾರ್ ಅವರು ಬೆಳೆಸಿದ ಕ್ರಮ. ಅವರು ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದವರು, ಹುಡುಗನಾಗಿದ್ದಾಗ ಯೋಗ ಕಲಿತದ್ದು ಇದೇ ಮೈಸೂರಿನಲ್ಲಿ, ಕೃಷ್ಣಮಾಚಾರ್ಯರ ಹತ್ತಿರ. ಗೋಕುಲಂನಲ್ಲಿ ಅಷ್ಟಾಂಗ, ಅಂದರೆ ಉಸಿರಿನ ಜೊತೆ ಒಂದರ ಹಿಂದೆ ಒಂದು ಆಸನ ಮಾಡುತ್ತಾ ಹೋಗುವ ಕ್ರಮ, ಕಲಿಸಿದ ಪಟ್ಟಾಭಿ ಜೋಯಿಸರೂ ಅದೇ ಗುರುವಿನ ಶಿಷ್ಯರು. ಒಬ್ಬರೇ ಗುರು, ಎರಡು ಬೇರೆ ಬೇರೆ ದಾರಿ. ನನ್ನಂಥ ಬಿಗಿ ಮೈಯವರಿಗೆ ಇಟ್ಟಿಗೆ, ಬೆಲ್ಟಿನ ದಾರಿಯೇ ಒಗ್ಗಿತು.

ಈಗ ಬೇಜಾರಿನ ವಿಷಯ. ನಾನು ಸೇರಿದಾಗ ಬ್ಯಾಚಿನಲ್ಲಿ 8 ಜನ ಇದ್ದೆವು. ಜೂನ್ 21ರ ಯೋಗ ದಿನ ಮುಗಿದ ಮೇಲೆ ಹೊಸಬರು ಒಟ್ಟಿಗೆ ಬಂದು 22 ಆಯಿತು. ಮ್ಯಾಟಿಗೆ ಮ್ಯಾಟ್ ತಾಗುತ್ತಿತ್ತು. ಮೇಡಂ ಒಬ್ಬರಿಗೆ ಎಲ್ಲರನ್ನೂ ನೋಡೋಕೆ ಆಗಲಿಲ್ಲ, ಸಹಾಯಕ್ಕೆ ಅಂತ ಒಬ್ಬ ಹೊಸ ಹುಡುಗನನ್ನು ಹಾಕಿದರು. ಅವನು ಒಂದು ದಿನ ನಾನು ಬಾಗಿದ್ದಾಗ ಕೇಳದೆಯೇ ಬೆನ್ನ ಮೇಲೆ ಎರಡೂ ಕೈ ಇಟ್ಟು ಒತ್ತಿದ. ಬಲ ತೊಡೆಯ ಹಿಂದೆ ಚುಳ್ ಅಂತು. ಮೂರು ವಾರ ಮೆಟ್ಟಿಲು ಹತ್ತುವಾಗೆಲ್ಲ ನೋವು. ಆ ಮೂರು ವಾರದ ಫೀಸನ್ನು ಮುಂದಕ್ಕೆ ಹಾಕಿಕೊಡಿ ಅಂತ ಕೇಳಿದ್ದಕ್ಕೆ ನಿಯಮ ಇಲ್ಲ ಅಂದರು. ಅದು ನನಗೆ ನಿಜವಾಗಿಯೂ ಸರಿ ಕಾಣಲಿಲ್ಲ, ಈಗಲೂ ಕಾಣುವುದಿಲ್ಲ. ಮೇಡಂ ಮಾತ್ರ ನನ್ನ ಮಾತು ಕೇಳಿದರು. ಆಗಸ್ಟಿನಲ್ಲಿ ಬ್ಯಾಚ್ ಎರಡು ಮಾಡಿದರು, ಈಗ 11 ಜನ ಇದ್ದೇವೆ, ಯಾರ ಮೈ ಮುಟ್ಟಬೇಕಾದರೂ ಮೊದಲು ಕೇಳುತ್ತಾರೆ. ಹಾಗಾಗಿಯೇ ಮುಂದುವರಿಸಿದೆ.

ಮ್ಯಾಟ್ ಬಗ್ಗೆ ಒಂದು ಮಾತು. ಮೆತ್ತಗಿರಲಿ ಅಂತ 10 ಎಂಎಂ ದಪ್ಪದ್ದು ತಂದಿದ್ದೆ. ವೃಕ್ಷಾಸನದಲ್ಲಿ ಒಂದೇ ಕಾಲಲ್ಲಿ ನಿಂತರೆ ಪಾದ ಹೂತುಕೊಂಡು ಅಲುಗಾಡುತ್ತಿತ್ತು. ಈಗ 5 ಎಂಎಂದು, ಮೊಣಕಾಲು ಊರುವಾಗ ಅದರ ಮೇಲೆ ಒಂದು ಟವೆಲ್ ಮಡಚಿ ಹಾಕಿಕೊಳ್ಳುತ್ತೇನೆ, ಸಾಕಾಗುತ್ತದೆ. ಖಾಲಿ ಹೊಟ್ಟೆಯಲ್ಲಿ ಹೋಗಿ. ಬಿಪಿ ಇದ್ದರೆ ಮೊದಲ ದಿನವೇ ಹೇಳಿ, ತಲೆ ಕೆಳಗಾಗುವ ಆಸನಗಳನ್ನು ನಿಮಗೆ ಬಿಡಿಸುತ್ತಾರೆ.

ತೂಕ ಇಳಿಯುತ್ತೆ ಅಂತ ಸೇರುವವರಿಗೆ ಹೇಳಿಬಿಡುತ್ತೇನೆ, ನನಗೆ ಇಳಿದಿಲ್ಲ. ಆದರೆ ಕೆಳಗಿನ ಕಪಾಟಿನಿಂದ ಕುಕ್ಕರ್ ತೆಗೆಯುವಾಗ ಗೋಡೆ ಹಿಡಿದುಕೊಳ್ಳುತ್ತಿದ್ದೆ, ಅದು ನಿಂತಿದೆ. ಸಂಜೆ ಬ್ಯಾಂಕಿನಿಂದ ಬಂದ ತಕ್ಷಣ ಮಲಗುತ್ತಿದ್ದೆ, ಅದೂ ನಿಂತಿದೆ. ಪಶ್ಚಿಮೋತ್ತಾನಾಸನದಲ್ಲಿ ಒಂದು ಕಂಬಳಿ ಕಡಿಮೆ ಆಗಿದೆ, ಬೆಲ್ಟ್ ಇನ್ನೂ ಬೇಕು.

ನೀವು ಎಲ್ಲೇ ಸೇರುವುದಿದ್ದರೂ ಮೊದಲು ಒಂದು ಟ್ರಯಲ್ ಕ್ಲಾಸ್ ಕೇಳಿ. ಆ ಒಂದು ಗಂಟೆಯಲ್ಲಿ ಹೇಳಿಕೊಡುವವರು ಒಂದು ಸಲವಾದರೂ ನಿಮ್ಮ ಮ್ಯಾಟ್ ಹತ್ತಿರ ಬಂದು ನಿಂತು ನೋಡಿದರಾ, ಅದನ್ನು ಗಮನಿಸಿ. ಆಮೇಲೆ ದುಡ್ಡು ಕಟ್ಟಿ, ಅದೂ ಒಂದೇ ತಿಂಗಳದ್ದು.