ಸಿ ಲೈಬ್ರರಿ ಕರೆಯುವ ಮುನ್ನ ಬೂಲ್ ಎಷ್ಟು ಬೈಟ್ ಅಂತ ನೋಡಿಕೊಳ್ಳಿ

ಸಿ ಶಾರ್ಪ್‌ನಲ್ಲಿ ಡಿಎಲ್ಎಲ್ ಇಂಪೋರ್ಟ್ (ಬೇರೆ ಭಾಷೆಯ ಲೈಬ್ರರಿಯ ಫಂಕ್ಷನ್ ಕರೆಯುವ ದಾರಿ) ಬಳಸುವವರು ದಯವಿಟ್ಟು ಇದನ್ನು ಓದಿ. ನಾನು ಬರೆದ ಒಂದೇ ಸಾಲಿನಿಂದ ಒಂದು ಅಡಿಕೆ ಗೋಡೌನಿನ 11 ದಿನದ ತೂಕದ ಲೆಕ್ಕ ಕೆಟ್ಟಿತು.

ತೂಕದ ಮೆಷಿನ್ ಮಾರಿದವರು ಜೊತೆಗೆ ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದ ಲೈಬ್ರರಿ ಕೊಟ್ಟಿದ್ದರು. ತೂಕ ನಿಂತಿದೆಯಾ ಎಂದು ಕೇಳುವ ಫಂಕ್ಷನ್ ಅದರಲ್ಲಿತ್ತು, ವಾಪಸ್ ಕೊಡುವುದು ಬೂಲ್, ಅಂದರೆ ಹೌದು ಅಥವಾ ಇಲ್ಲ. ಸಿ ಶಾರ್ಪ್ ಕಡೆ ನಾನೂ ಬೂಲ್ ಅಂತಲೇ ಬರೆದೆ. ತಿಂಗಳುಗಟ್ಟಲೆ ಸರಿಯಾಗಿ ನಡೆಯಿತು. ಆಮೇಲೆ ಅವರು ಲೈಬ್ರರಿಯ ಹೊಸ ಆವೃತ್ತಿ ಕಳಿಸಿದರು. ಅಲ್ಲಿಂದ ಚೀಲ ಇನ್ನೂ ಓಲಾಡುತ್ತಿರುವಾಗಲೇ ತೂಕ ದಾಖಲಾಗತೊಡಗಿತು. ಎರರ್ ಇಲ್ಲ, ಕ್ರ್ಯಾಶ್ ಇಲ್ಲ. "ಸಾರ್, ಮೆಷಿನ್ ಮೇಲೆ ಒಂದು ಕಾಣುತ್ತೆ, ಚೀಟೀಲಿ ಇನ್ನೊಂದು ಬರುತ್ತೆ. ರೈತರಿಗೆ ನಾನೇನು ಹೇಳ್ಲಿ?" ಎಂದು ಗುಮಾಸ್ತರು ಫೋನ್ ಮಾಡಿದಾಗಲೇ ನನಗೆ ಗೊತ್ತಾಗಿದ್ದು.

ಡೀಬಗರ್‌ನಲ್ಲಿ ಫಂಕ್ಷನ್ ವಾಪಸ್ ಕೊಟ್ಟ ಬೆಲೆ ಬಂದು ಕೂರುವ ಇಎಎಕ್ಸ್ ರಿಜಿಸ್ಟರ್ ನೋಡಿದೆ: 00002ಎ00, ಎರಡೆರಡು ಅಂಕಿಗೆ ಒಂದು ಬೈಟ್. ಕೊನೆಯ ಬೈಟ್ ಸೊನ್ನೆ. ಅಂದರೆ ಲೈಬ್ರರಿ 'ಇನ್ನೂ ನಿಂತಿಲ್ಲ' ಎಂದೇ ಹೇಳಿತ್ತು. ಅದರ ಬೂಲ್ ಒಂದೇ ಬೈಟ್, ಪಕ್ಕದ 2ಎ ಹಿಂದಿನ ಯಾವುದೋ ಲೆಕ್ಕದ ಉಳಿಕೆ. ಆದರೆ ನಾವು ಬೇರೆ ಹೇಳದಿದ್ದರೆ ಸಿ ಶಾರ್ಪ್ ನಡೆಸುವ ಡಾಟ್‌ನೆಟ್ ಬೂಲ್ ಅನ್ನು 4 ಬೈಟ್ ಎಂದು ಓದುತ್ತದೆ. ನಾಲ್ಕೂ ಸೇರಿದರೆ ಸೊನ್ನೆಯಲ್ಲ, ಹಾಗಾಗಿ 'ಹೌದು'. ಹಳೆಯ ಆವೃತ್ತಿಯಲ್ಲಿ ಆ ಜಾಗ ಖಾಲಿ ಇದ್ದದ್ದು ಅದೃಷ್ಟ ಅಷ್ಟೇ. ವಾಪಸ್ ಬರುವ ಬೆಲೆಗೆ, ಅದನ್ನು ಹೇಗೆ ಓದಬೇಕು ಎಂದು ತಿಳಿಸುವ ಮಾರ್ಷಲ್‌ಆ್ಯಸ್‌ನಲ್ಲಿ ಐ1 (ಒಂದು ಬೈಟ್) ಎಂದು ಹಾಕಿದೆ, ಸರಿಹೋಯಿತು.

ಇದನ್ನು ಕಂಪೈಲರ್ ಹಿಡಿಯುತ್ತದೆ ಎಂದು ನಂಬಬೇಡಿ. ಸಿ ಶೈಲಿಯಲ್ಲಿ ಹೊರಬಿಟ್ಟ ಫಂಕ್ಷನ್‌ನ ಹೆಸರಷ್ಟೇ ಡಿಎಲ್ಎಲ್‌ನಲ್ಲಿ ಇರುತ್ತದೆ, ಟೈಪ್ ಇರುವುದಿಲ್ಲ. ಟೈಪ್ ಬರೆದಿರುವ, ಲೈಬ್ರರಿಯ ಹೆಡರ್ ಫೈಲ್ ತೆರೆದು ನಾವೇ ನೋಡಬೇಕು.

ಪೂರ್ಣಾಂಕ ಇಡುವ ಲಾಂಗ್ ಎಂಬ ಟೈಪ್ ಇನ್ನೂ ಅಪಾಯ. ಸಿ ಶಾರ್ಪ್‌ನ ಲಾಂಗ್ ಯಾವತ್ತೂ 8 ಬೈಟ್. ಸಿ ಲಾಂಗ್ ವಿಂಡೋಸ್‌ನಲ್ಲಿ 4, 64 ಬಿಟ್ ಲಿನಕ್ಸ್‌ನಲ್ಲಿ 8. ವಿಂಡೋಸ್‌ನಲ್ಲಿ ಸರಿಯಿದೆ ಎಂದು, ತೂಕ ಮತ್ತು ಯೂನಿಟ್ ಒಟ್ಟಿಗೆ ಇಡುವ ಸ್ಟ್ರಕ್ಟ್‌ನಲ್ಲಿ ತೂಕದ ಸಿ ಲಾಂಗ್ ಜಾಗಕ್ಕೆ 4 ಬೈಟಿನ ಇಂಟ್ ಹಾಕಿ ಲಿನಕ್ಸ್‌ಗೆ ಒಯ್ದೆವು. ತೂಕ ಸರಿ ಬಂತು, ಅದರ ಪಕ್ಕದ ಯೂನಿಟ್ ಮಾತ್ರ ಸದಾ ಸೊನ್ನೆ, ಏಕೆಂದರೆ ನಾವು ಓದುತ್ತಿದ್ದದ್ದು ತೂಕದ್ದೇ ಮೇಲಿನ 4 ಬೈಟ್. ಡಾಟ್‌ನೆಟ್ 6ರಿಂದ ಇದಕ್ಕೆಂದೇ ಸಿಲಾಂಗ್ ಎಂಬ ಟೈಪ್ ಇದೆ, ಅದನ್ನೇ ಬಳಸಿ.

ಆ 11 ದಿನದ ನಿಜವಾದ ತೂಕ ಮತ್ತೆ ಸಿಗಲಿಲ್ಲ. ನಾನು ಗೋಡೌನಿಗೆ ಹೋಗುವಷ್ಟರಲ್ಲಿ ಮಾಲು ಲಾರಿ ಹತ್ತಿಯಾಗಿತ್ತು.