ಡೇಟ್-ಎಫ್‌ಎನ್‌ಎಸ್: ಮೂರು ವರ್ಷ ಬಳಸಿದ ಮೇಲೆ

ಮೀಟಿಂಗ್ ಬುಕ್ ಮಾಡುವ ಕ್ಯಾಲೆಂಡರ್ ಆ್ಯಪ್ ಒಂದರ ಕೋಡ್ ನೋಡಿಕೊಳ್ಳುವುದು ನನ್ನ ಕೆಲಸ. ಅದಕ್ಕೆ ಡೇಟ್-ಎಫ್‌ಎನ್‌ಎಸ್ ಅನ್ನೋ ಲೈಬ್ರರಿ, ಅಂದರೆ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ತಾರೀಕಿನ ಕೆಲಸಕ್ಕೆ ಬೇಕಾದ ರೆಡಿಮೇಡ್ ಫಂಕ್ಷನ್‌ಗಳ ಸಂಗ್ರಹ, ಹಾಕಿಕೊಂಡು ಮೂರು ವರ್ಷ ಆಯಿತು. ಕಾರಣ ತೀರಾ ಸಣ್ಣದು, ತಿಂಗಳ ಪುಟದಲ್ಲಿ ಇವತ್ತಿನ ಚೌಕಕ್ಕೆ ಬಣ್ಣ ಬರುತ್ತಿರಲಿಲ್ಲ. ಎರಡೂ ತಾರೀಕು ಪ್ರಿಂಟ್ ಮಾಡಿ ನೋಡಿದರೆ ಒಂದಕ್ಷರವೂ ಹೆಚ್ಚು ಕಡಿಮೆ ಇಲ್ಲ. ಕೋಡ್‌ನಲ್ಲಿ ಹೋಲಿಸಿದರೆ ಮಾತ್ರ ಫಾಲ್ಸ್, ಅಂದರೆ ಎರಡೂ ಒಂದೇ ಅಲ್ಲ! ಅರ್ಧ ದಿನ ತಲೆ ಕೆರೆದುಕೊಂಡೆ. ಜಾವಾಸ್ಕ್ರಿಪ್ಟ್‌ನಲ್ಲಿ ಡೇಟ್ ಅನ್ನೋದು ಆಬ್ಜೆಕ್ಟ್ ಅಲ್ವಾ, ಅಂದರೆ ಸಮಯವನ್ನು ಒಳಗಿಟ್ಟುಕೊಂಡ ಡಬ್ಬಿ ಇದ್ದ ಹಾಗೆ, ಹೋಲಿಸೋಕೆ ಮೂರು ಈಕ್ವಲ್ (===) ಹಾಕಿದರೆ ಒಳಗಿನ ಸಮಯ ನೋಡುವುದೇ ಇಲ್ಲ, ಎರಡೂ ಅದೇ ಆಬ್ಜೆಕ್ಟಾ ಅಂತಷ್ಟೇ ನೋಡುತ್ತದೆ. ಗ್ರೇಟರ್ ದ್ಯಾನ್, ಲೆಸ್ ದ್ಯಾನ್ ಹಾಕಿದ ಕಡೆಯೆಲ್ಲ ಸರಿಯಾಗಿಯೇ ನಡೆಯುತ್ತದೆ, ಅದಕ್ಕೇ ಈ ಬಗ್ ಬೇಗ ಕೈಗೆ ಸಿಗಲ್ಲ. ಎರಡೂ ಒಂದೇ ದಿನವಾ ಅಂತ ನೋಡುವ ಲೈಬ್ರರಿಯ 'ಇಸ್‌ಸೇಮ್‌ಡೇ' ಹಾಕಿದೆ, ಬಣ್ಣ ಬಂತು.

ನಿಜವಾಗಿ ಕಾಡಿದ್ದು ಇನ್ನೊಂದು. ಕೆಲವು ದೇಶದವರಿಗೆ 10ನೇ ತಾರೀಕಿನ ಮೀಟಿಂಗ್ 9ಕ್ಕೆ ಕಾಣುತ್ತಿತ್ತು, ನಮ್ಮ ಟೀಮಿನಲ್ಲಿ ಯಾರ ಕಂಪ್ಯೂಟರಿನಲ್ಲೂ ಇಲ್ಲ. '2024-03-10' ಅಂತ ಬರೀ ತಾರೀಕು ಕೊಟ್ಟರೆ ಜಾವಾಸ್ಕ್ರಿಪ್ಟ್ ಅದನ್ನು ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಮೂಲ ಸಮಯ) ಮಧ್ಯರಾತ್ರಿ ಅಂದುಕೊಳ್ಳುತ್ತದೆ, ಅದರ ಮುಂದೆ ಗಂಟೆ ನಿಮಿಷ ಸೇರಿಸಿದರೆ ಲೋಕಲ್ ಸಮಯ ಅಂದುಕೊಳ್ಳುತ್ತದೆ. ಯುಟಿಸಿಗಿಂತ ಹಿಂದಿರುವ ಕಡೆ ಆಗ ಇನ್ನೂ ಹಿಂದಿನ ದಿನವೇ. ಈ ಲೈಬ್ರರಿಯ 'ಪಾರ್ಸ್‌ಐಎಸ್‌ಒ' ಬರೀ ತಾರೀಕನ್ನೂ ಲೋಕಲ್ ಅಂತಲೇ ಓದುತ್ತದೆ. ಇದೊಂದಕ್ಕೇ ದುಡ್ಡು ಕೊಡಬಹುದು, ಆದರೆ ಇದು ಉಚಿತ.

ಎಲ್ಲವೂ ಚೆನ್ನಾಗಿದೆ ಅಂತಲ್ಲ. 10ರಿಂದ 11ರ ಮೀಟಿಂಗ್ ಇದ್ದಾಗ 11ಕ್ಕೆ ಇನ್ನೊಂದು ಶುರು ಮಾಡಲು ನಮ್ಮ ಆ್ಯಪ್ ಬಿಡುತ್ತಲೇ ಇರಲಿಲ್ಲ. ಒಂದು ಸಮಯ ಇನ್ನೆರಡರ ನಡುವೆ ಇದೆಯಾ ಅಂತ ನೋಡುವ 'ಇಸ್‌ವಿದಿನ್‌ಇಂಟರ್ವಲ್' ನಾನು ಬಳಸಿದ್ದೆ, ಅದು ಎರಡೂ ತುದಿಗಳನ್ನು ಒಳಗೇ ಸೇರಿಸಿಕೊಳ್ಳುತ್ತದೆ. ಬೇಕಾಗಿದ್ದು 'ಆರ್‌ಇಂಟರ್ವಲ್ಸ್‌ಓವರ್‌ಲ್ಯಾಪಿಂಗ್', ಅದು ಎರಡು ಅವಧಿ ಒಂದರ ಮೇಲೊಂದು ಬೀಳುತ್ತವಾ ಅಂತ ನೋಡುತ್ತದೆ, ತುದಿ ತಾಗಿದರೆ ಲೆಕ್ಕಕ್ಕಿಲ್ಲ. ಡಾಕ್ಯುಮೆಂಟ್ ಓದದೆ ಹೆಸರು ನೋಡಿ ಸುಮ್ನೆ ಹಾಕಿದ್ದು ನನ್ನ ತಪ್ಪೇ ಬಿಡಿ. ಒಂದು ತಾರೀಕು ಇನ್ನೊಂದಕ್ಕಿಂತ ಮುಂಚಿನದಾ ಅಂತ ನೋಡುವ 'ಇಸ್‌ಬಿಫೋರ್'ನಲ್ಲಿ ಯಾವ ತಾರೀಕು ಮೊದಲು ಕೊಡಬೇಕು ಅನ್ನೋದು ಮಾತ್ರ ಇವತ್ತಿಗೂ ನೋಡಿಕೊಂಡೇ ಬರೆಯುತ್ತೇನೆ. ಟೈಮ್‌ಜೋನ್ ವಿಷಯದಲ್ಲಂತೂ ಲೈಬ್ರರಿಯವರು ಜಾಸ್ತಿನೇ ಕಾಯಿಸಿದರು, ಅವರದ್ದೇ ಬೆಂಬಲ ಸಿಕ್ಕಿದ್ದು 2024ರಲ್ಲಿ 4ನೇ ಆವೃತ್ತಿ ಬಂದಾಗ.

ಐದಕ್ಕೆ ನಾಲ್ಕು ಸ್ಟಾರ್. ಒಂದು ಮಾತು, ಲೈಬ್ರರಿ ಹಾಕಿದ ತಕ್ಷಣ ಹಳೆ ಕೋಡ್ ತಾನಾಗಿ ಸರಿ ಹೋಗಲ್ಲ. ಗಡಿಯಾರ ಮುಂದೆ ಹಿಂದೆ ಮಾಡುವ ದೇಶಗಳಲ್ಲಿ ವರ್ಷಕ್ಕೊಂದು ದಿನಕ್ಕೆ 23 ಗಂಟೆ, ಇನ್ನೊಂದಕ್ಕೆ 25. 'ನಾಳೆ' ಬೇಕಿದ್ದರೆ 'ಆ್ಯಡ್‌ಡೇಸ್' ಬಳಸಬೇಕು, 86400000 ಮಿಲಿಸೆಕೆಂಡ್ (ಅಂದರೆ 24 ಗಂಟೆ) ಕೂಡಿಸಬಾರದು ಅಂತ ಟೀಮಿಗೆಲ್ಲ ಹೇಳಿದವನು ನಾನೇ. ಹೋದ ವಾರ ಹುಡುಕಿದರೆ ಆ ಸಂಖ್ಯೆ ಇನ್ನೂ ಎರಡು ಕಡೆ ಸಿಕ್ಕಿತು. ಎರಡನ್ನೂ ಬರೆದವನೂ ನಾನೇ.