ಕಾಫಿ ಬೀಜದ ಬೆಲೆ ಹದಿನೈದು: ಒಂದು ಆಟದ ವಿಕಿಯ ಕೋಷ್ಟಕಗಳು

ಕಕ್ಕಡ ತಿಂಗಳ ಮಳೆಗೆ ಶಾಲೆಗೆ ರಜೆ ಕೊಟ್ಟಿದ್ದ ಒಂದು ದಿನ, ಕೊಡಗಿನ ಸುಂಟಿಕೊಪ್ಪದ ಸಮೀಪದ ನಮ್ಮ ಮನೆಯ ಜಗಲಿಯಲ್ಲಿ, ನೆಟ್‌ವರ್ಕ್ ಸಿಗುವ ಒಂದೇ ಒಂದು ಮೂಲೆ ಹಿಡಿದು ಕುಳಿತಿದ್ದ ಅಕ್ಕನ ಮಗಳು ಫೋನಿನಿಂದ ತಲೆ ಎತ್ತಿ, "ಮಾವ, ಈ ಆಟದಲ್ಲಿ ಕಾಫಿಗೆ ಬೆಲೆಯೇ ಇಲ್ಲ. ಒಂದು ಬೀಜಕ್ಕೆ ಬರೀ ಹದಿನೈದು. ನಾನು ಹೂಕೋಸೇ ಹಾಕ್ತೇನೆ" ಎಂದಳು. ಕಾಫಿ ತೋಟದ ಮನೆಯ ಹುಡುಗಿಯ ಬಾಯಲ್ಲಿ ಈ ಮಾತು ಕೇಳಿ ನನಗೆ ನಗು ಬಂದಿತಾದರೂ, ಅವಳು ನೋಡುತ್ತಿದ್ದ ಕೋಷ್ಟಕವನ್ನು ಇಸಿದುಕೊಂಡು ಓದಿದಾಗ ತಪ್ಪು ಅವಳದಲ್ಲವೆಂದು ತಿಳಿಯಿತು. ಅದು ಯಾರೋ ಅಭಿಮಾನಿಗಳು ನಡೆಸುತ್ತಿರುವ ಚಿಕ್ಕ ವಿಕಿ, ಅಂದರೆ ಬಳಸುವವರೇ ಸೇರಿ ಬರೆಯುವ ಮಾಹಿತಿ ತಾಣ. ಹೆಸರು ಇಲ್ಲಿ ಬೇಡ. ಬೆಳೆಗಳನ್ನೆಲ್ಲ ಮಾರಾಟದ ಬೆಲೆಯ ಪ್ರಕಾರ ಮೇಲಿನಿಂದ ಕೆಳಕ್ಕೆ ಜೋಡಿಸಿದ್ದ ಆ ಕೋಷ್ಟಕದ ತಳದಲ್ಲಿ ಕಾಫಿ ಇತ್ತು. ಆಮೇಲೆ ನಾನು ಸ್ಟಾರ್‌ಡ್ಯೂ ವ್ಯಾಲಿ ಎಂಬ ಆ ಆಟದ ಅಧಿಕೃತ ವಿಕಿಯನ್ನು ತೆರೆದು, ಮಳೆ ಬಿಡದಿದ್ದ ಆ ವಾರವಿಡೀ ಅದರ ಕೋಷ್ಟಕಗಳನ್ನು ಓದಿದೆ. ಈ ವಿಮರ್ಶೆ ಆ ಕೋಷ್ಟಕಗಳನ್ನು ಕುರಿತದ್ದು, ಆಟವನ್ನು ಕುರಿತದ್ದಲ್ಲ.

ಆಟದ ಬಗ್ಗೆ ಬೇಕಾದಷ್ಟೇ ಹೇಳುತ್ತೇನೆ. ಸ್ಟಾರ್‌ಡ್ಯೂ ವ್ಯಾಲಿ ಎರಿಕ್ ಬರೋನ್ ಎಂಬವರು ರೂಪಿಸಿದ ಬೇಸಾಯದ ಆಟ. 2016ರ ಫೆಬ್ರುವರಿ 26ರಂದು ಬಿಡುಗಡೆಯಾಯಿತು. ಆಟದ ವರ್ಷಕ್ಕೆ ನಾಲ್ಕು ಋತುಗಳು, ಋತುವಿಗೆ 28 ದಿನಗಳು. ಬೆಳೆಗೆ ಅದರದೇ ಆದ ಋತುವಿದ್ದು, ಋತು ಕಳೆದರೆ ಹೊಲದಲ್ಲಿ ನಿಂತದ್ದು ಸತ್ತುಹೋಗುತ್ತದೆ. ನಾಣ್ಯದ ಹೆಸರು ಚಿನ್ನ, ಬರೆಯುವಾಗ 'ಜಿ'. ಹೀಗಾಗಿ ಆಡುವವರ ತಲೆಯಲ್ಲಿ ಸದಾ ಎರಡು ಲೆಕ್ಕಗಳು ಓಡುತ್ತಿರುತ್ತವೆ: ಎಷ್ಟು ದಿನ, ಎಷ್ಟು ದುಡ್ಡು. ವಿಕಿಪೀಡಿಯಕ್ಕೆ ಆಧಾರವಾದ ಮೀಡಿಯಾವಿಕಿ ತಂತ್ರಾಂಶದ ಮೇಲೆಯೇ ಅಧಿಕೃತ ವಿಕಿಯೂ ನಿಂತಿದೆ.

ಬೆಳೆಗಳ ಪುಟದಲ್ಲಿ ಬೆಳೆಗೊಂದರಂತೆ ಪ್ರತ್ಯೇಕ ಕೋಷ್ಟಕವಿದೆ. ಹೊಸಬರು ಮೊದಲು ಬಿತ್ತುವ ಪಾರ್ಸ್ನಿಪ್ ಗಡ್ಡೆಯದನ್ನೇ ನೋಡೋಣ. ಎಡತುದಿಯಲ್ಲಿ ಬೀಜದ ಚಿತ್ರ ಮತ್ತು ಅದು ಸಿಗುವ ಅಂಗಡಿಗಳ ದರ: ಪಿಯರ್ ಅಂಗಡಿಯಲ್ಲಿ 20 ಜಿ, ಜೋಜಾ ಮಾರ್ಟ್‌ನಲ್ಲಿ 25 ಜಿ. ಅಲ್ಲಿಂದ ಬಲಕ್ಕೆ ಮೊಳಕೆಯಿಂದ ಕೊಯ್ಲಿನವರೆಗೆ ಗಿಡ ಯಾವ ಹಂತದಲ್ಲಿ ಹೇಗೆ ಕಾಣುತ್ತದೆಂಬ ಚಿತ್ರಗಳು, ಪ್ರತಿ ಚಿತ್ರದ ಅಡಿಯಲ್ಲಿ ಆ ಹಂತಕ್ಕೆ ಹಿಡಿಯುವ ದಿನ, ಒಟ್ಟು 4 ದಿನ. ಆಮೇಲೆ ಮಾರಾಟದ ಬೆಲೆ ನಾಲ್ಕು ದರ್ಜೆಗಳಲ್ಲಿ: ಸಾಧಾರಣಕ್ಕೆ 35, ಬೆಳ್ಳಿ ನಕ್ಷತ್ರಕ್ಕೆ 43, ಚಿನ್ನಕ್ಕೆ 52, ನೇರಳೆ ಬಣ್ಣದ ಇರಿಡಿಯಂಗೆ 70. ಅದರ ಪಕ್ಕದಲ್ಲಿ, ತಿಂದರೆ ಎಷ್ಟು ಚೈತನ್ಯ, ಎಷ್ಟು ಆರೋಗ್ಯ. ಬೀಜದಿಂದ ಹೊರಟ ಕಣ್ಣು ಸಂತೆಯವರೆಗೆ ಎಡದಿಂದ ಬಲಕ್ಕೆ ಒಂದೇ ನಡಿಗೆಯಲ್ಲಿ ಸಾಗುತ್ತದೆ. ಇದು ರೈತ ಯೋಚಿಸುವ ಕ್ರಮವೇ ಆಗಿದೆ. ಹೊಲದಲ್ಲಿ ಅರ್ಧ ಬೆಳೆದು ನಿಂತ ಗಿಡವನ್ನು ನೋಡಿ "ಇದು ಯಾವುದು, ಇನ್ನೆಷ್ಟು ದಿನ" ಎಂದು ಕೇಳುವವರಿಗೆ ಇದಕ್ಕಿಂತ ಚೊಕ್ಕವಾದ ಉತ್ತರ ಸಿಗಲಾರದು.

ದರ್ಜೆಗಳ ವಿಷಯದಲ್ಲಿ ಒಂದು ಜಾಣತನವನ್ನು ಗಮನಿಸಬೇಕು. ಬೆಳ್ಳಿ, ಚಿನ್ನ, ಇರಿಡಿಯಂ ನಕ್ಷತ್ರಗಳನ್ನು ಗುರುತಿಸಲು ಬಣ್ಣವೊಂದೇ ಆಧಾರ. ಬಣ್ಣ ಬೇರ್ಪಡಿಸಲು ಕಷ್ಟಪಡುವವರಿಗೆ ಅಷ್ಟು ಚಿಕ್ಕ ಐಕಾನ್‌ನಲ್ಲಿ ಅದು ಸಾಲದು. ಆದರೆ ಕಡಿಮೆ ದರ್ಜೆ ಮೇಲೆ, ಹೆಚ್ಚಿನದು ಕೆಳಗೆ ಎಂಬ ಕ್ರಮ ಒಂದೇ ಸಮನಾಗಿ ಇರುವುದರಿಂದ, ಬಣ್ಣ ಕಾಣದಿದ್ದರೂ ಜಾಗ ನೋಡಿಯೇ ದರ್ಜೆ ತಿಳಿಯುತ್ತದೆ. ಬಿಡಿ ವಸ್ತುವಿನ ಪುಟದಲ್ಲಿ ಮೂಲ ಬೆಲೆಗಳ ಜೊತೆಗೆ, ಟಿಲ್ಲರ್ ಎಂಬ ಕಸುಬನ್ನು ಆರಿಸಿಕೊಂಡವರಿಗೆ ಸಿಗುವ ಶೇಕಡ 10 ಹೆಚ್ಚಿನ ಬೆಲೆಗಳನ್ನೂ ಕೊಟ್ಟಿದ್ದಾರೆ. ಪಾರ್ಸ್ನಿಪ್‌ಗೆ 38, 47, 57, 77. ಓದುಗ ಮನಸ್ಸಿನಲ್ಲೇ ಗುಣಿಸಿಕೊಳ್ಳಲಿ ಎಂದು ಬಿಡದೆ ಲೆಕ್ಕವನ್ನು ಮುಗಿಸಿಯೇ ಕೊಟ್ಟಿರುವುದು ನನಗೆ ಮೆಚ್ಚುಗೆಯಾಯಿತು.

ಕೊರತೆ ಕಾಣುವುದು ಹೋಲಿಸಲು ಹೊರಟಾಗ. ಅಂಗಡಿಯ ಮುಂದೆ ನೂರು ಜಿ ಹಿಡಿದು ನಿಂತವನ ಪ್ರಶ್ನೆ ಪಾರ್ಸ್ನಿಪ್ ಹೇಗೆ ಬೆಳೆಯುತ್ತದೆಂಬುದಲ್ಲ. ಪಾರ್ಸ್ನಿಪ್ ಹಾಕಲೋ, ಆಲೂಗಡ್ಡೆ ಹಾಕಲೋ, ಹೂಕೋಸು ಹಾಕಲೋ ಎಂಬುದು. ಬೆಳೆಗೊಂದು ಕೋಷ್ಟಕವಿರುವಲ್ಲಿ ಒಂದರ ಬೆಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಪುಟವನ್ನು ಸರಿಸುತ್ತ ಇನ್ನೊಂದರ ಬೆಲೆಯನ್ನು ಹುಡುಕಬೇಕು. ಅಂಗೈಯಗಲದ ಪರದೆಯಲ್ಲಿ ಎರಡು ಬೆಳೆಗಳು ಒಟ್ಟಿಗೆ ಕಾಣುವುದೂ ಕಷ್ಟ. ಲೆಕ್ಕ ಹಾಕಿದರೆ, ಪಾರ್ಸ್ನಿಪ್‌ನಿಂದ 4 ದಿನಕ್ಕೆ 15 ಜಿ ಲಾಭ, 6 ದಿನದ ಆಲೂಗಡ್ಡೆಯಿಂದ 30, 12 ದಿನದ ಹೂಕೋಸಿನಿಂದ 95. ದಿನವಹಿ ನೋಡಿದರೆ ಹೂಕೋಸು ಸುಮಾರು 8 ಜಿ ತರುತ್ತದೆ, ಪಾರ್ಸ್ನಿಪ್ 4ನ್ನೂ ಮುಟ್ಟುವುದಿಲ್ಲ. ಮೂರೂ ಒಂದೇ ಕಾಲಂನಲ್ಲಿ, ಬಿಡಿ ಸ್ಥಾನದ ಕೆಳಗೆ ಬಿಡಿ ಸ್ಥಾನ, ಹತ್ತರ ಕೆಳಗೆ ಹತ್ತು ಬರುವಂತೆ ಬಲಕ್ಕೆ ಒತ್ತಿ ನಿಂತಿದ್ದರೆ ಈ ಸಂಗತಿಯನ್ನು ತಿಳಿಯಲು ಕೂಡಿಸಿ ಕಳೆಯಬೇಕಾಗಿರಲಿಲ್ಲ.

ಹಾಗೆಂದು "ದಿನಕ್ಕೆ ಎಷ್ಟು ಜಿ" ಎಂಬ ಒಂದು ಕಾಲಂ ಸೇರಿಸಿದರೆ ಕೆಲಸ ಮುಗಿಯಿತೆಂದೂ ಹೇಳಲಾಗದು. ಸ್ಟ್ರಾಬೆರಿ ಬೀಜ ವಸಂತದ 13ರಂದು ನಡೆಯುವ ಮೊಟ್ಟೆಯ ಹಬ್ಬದಲ್ಲಿ 100 ಜಿಗೆ ಸಿಗುತ್ತದೆ. 8 ದಿನಕ್ಕೆ ಮೊದಲ ಕೊಯ್ಲು, ಆಮೇಲೆ ನಾಲ್ಕು ದಿನಕ್ಕೊಮ್ಮೆ, ಹಣ್ಣಿಗೆ 120 ಜಿ. ಕೊಂಡ ದಿನವೇ ನೆಟ್ಟರೆ 21 ಮತ್ತು 25ರಂದು ಎರಡೇ ಕೊಯ್ಲು ಸಿಗುತ್ತದೆ. ಅದೇ ಬೀಜವನ್ನು ಕಟ್ಟಿಟ್ಟು ಮರುವರ್ಷ ವಸಂತದ ಮೊದಲ ದಿನ ನೆಟ್ಟರೆ ಐದು ಕೊಯ್ಲು. ಒಂದೇ ಬೆಳೆಗೆ ಎರಡು ಉತ್ತರಗಳಿರುವಾಗ ಒಂದು ಸಂಖ್ಯೆಯನ್ನು ಬರೆದು ಉಳಿದದ್ದನ್ನು ಮುಚ್ಚಿಟ್ಟ ಕೋಷ್ಟಕ, ಸಂಖ್ಯೆ ಸರಿಯಿದ್ದರೂ ದಾರಿ ತಪ್ಪಿಸುತ್ತದೆ.

ಇನ್ನು ಕಾಫಿ. ಕೊಡಗಿನ ಓದುಗರಿಗೆ ಇದನ್ನು ವಿವರಿಸುವುದು ಸುಲಭ, ಏಕೆಂದರೆ ಕಾಫಿ ವ್ಯಾಪಾರಿಯ ದರಪಟ್ಟಿಯನ್ನು ಓದಲು ನಾವು ಚಿಕ್ಕಂದಿನಲ್ಲೇ ಕಲಿತಿರುತ್ತೇವೆ. ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರ್ರಿ, ರೊಬಸ್ಟಾ ಪಾರ್ಚ್‌ಮೆಂಟ್, ರೊಬಸ್ಟಾ ಚೆರ್ರಿ, ಹೀಗೆ ನಾಲ್ಕು ಸಾಲು, 50 ಕೆಜಿ ಚೀಲಕ್ಕೆ ಇಷ್ಟು ಎಂದು. (ಹಣ್ಣಿನ ಸಿಪ್ಪೆ ಸುಲಿದು ತೊಳೆದು ಒಣಗಿಸಿದ್ದು ಪಾರ್ಚ್‌ಮೆಂಟ್, ಹಣ್ಣನ್ನು ಹಾಗೆಯೇ ಒಣಗಿಸಿದ್ದು ಚೆರ್ರಿ.) ಆದರೆ ಚೆರ್ರಿ ಮಾರುವವನು ಚೀಲದ ದರವನ್ನಷ್ಟೇ ನೋಡಿ ಗಾಡಿ ಹತ್ತಿಸುವುದಿಲ್ಲ. ಔಟ್‌ಟರ್ನ್ ಕೇಳುತ್ತಾನೆ, ಅಂದರೆ ಆ 50 ಕೆಜಿಯಿಂದ ಎಷ್ಟು ಕೆಜಿ ಶುದ್ಧ ಬೀಜ ಇಳಿಯುತ್ತದೆಂದು. ಔಟ್‌ಟರ್ನ್ ಇಲ್ಲದ ದರ ಅರ್ಧ ದರ.

ಆಟದ ಕಾಫಿಗೂ ಇದೇ ಮಾತು ಹೊಂದುತ್ತದೆ. ಶುಕ್ರವಾರ ಮತ್ತು ಭಾನುವಾರ ಬರುವ ಸಂಚಾರಿ ಬಂಡಿಯಲ್ಲಿ ಕೆಲವೊಮ್ಮೆ ಒಂದು ಬೀಜ 2,500 ಜಿಗೆ ಸಿಗುತ್ತದೆ. ನೆಟ್ಟ 10 ದಿನಕ್ಕೆ ಮೊದಲ ಕೊಯ್ಲು, ಬಳಿಕ ಎರಡು ದಿನಕ್ಕೊಮ್ಮೆ, ಕೊಯ್ಲಿಗೆ ನಾಲ್ಕು ಬೀಜ. ವಸಂತ ಮತ್ತು ಬೇಸಿಗೆ ಎರಡರಲ್ಲೂ ಗಿಡ ನಿಲ್ಲುತ್ತದೆ. (ನೆಟ್ಟು ಮೂರು ನಾಲ್ಕು ವರ್ಷ ಕಾದು, ಗಿಡ ಹೂಬಿಡಲು ಬೇಕಾದ ಹೂಮಳೆಗೆ ಆಕಾಶ ನೋಡುವ ನಮ್ಮವರು ಇದನ್ನು ಕೇಳಿದರೆ ಏನೆಂದಾರೋ.) ವಸಂತದ ಮೊದಲ ದಿನ ನೆಟ್ಟ ಒಂದು ಗಿಡ ಬೇಸಿಗೆ ಮುಗಿಯುವುದರೊಳಗೆ 23 ಬಾರಿ ಕೊಯ್ಲು ಕೊಟ್ಟು, ಕನಿಷ್ಠ 92 ಬೀಜ ಉದುರಿಸುತ್ತದೆ. ಬೀಜವಾಗಿಯೇ ಮಾರಿದರೆ 1,380 ಜಿ. ಆದರೆ ಐದು ಬೀಜವನ್ನು ಪೀಪಾಯಿಗೆ ಹಾಕಿದರೆ ಆಟದ ಎರಡು ಗಂಟೆಯಲ್ಲಿ ಒಂದು ಲೋಟ ಕಾಫಿ ಆಗುತ್ತದೆ, ಅದರ ಬೆಲೆ 150. ಅಂದರೆ ಬೀಜವೊಂದಕ್ಕೆ 30 ಬಿದ್ದಂತಾಯಿತು. ಮೇಲಾಗಿ ಕೊಯ್ದ ಬೀಜವೇ ಮತ್ತೆ ಬಿತ್ತುವ ಬೀಜ. ಅಭಿಮಾನಿ ವಿಕಿಯ ಕೋಷ್ಟಕದಲ್ಲಿ ಕಾಫಿ ತಳಕ್ಕೆ ಬಿದ್ದಿದ್ದು ಅಲ್ಲಿ '15' ಎಂಬ ಸಂಖ್ಯೆ ತಪ್ಪಾಗಿದ್ದರಿಂದಲ್ಲ, ಅದರ ಪಕ್ಕದಲ್ಲಿ ಇರಬೇಕಾದ ಕೊಯ್ಲಿನ ಸಂಖ್ಯೆ, ಮರುಕೊಯ್ಲಿನ ಅಂತರ, ಪೀಪಾಯಿಯ ಫಲ ಇವು ಮೂರೂ ಇಲ್ಲದ್ದರಿಂದ. ಅಧಿಕೃತ ವಿಕಿಯಲ್ಲಿ ಕಾಫಿ ಬೀಜದ ಪುಟವೊಂದು, ಲೋಟದ ಕಾಫಿಯ ಪುಟ ಇನ್ನೊಂದು; ಎರಡರ ನಡುವೆ ಕೊಂಡಿಗಳಿದ್ದು, ಹುಡುಕುವವನಿಗೆ ಎಲ್ಲವೂ ಸಿಗುತ್ತದೆ. ಹುಡುಕಬೇಕೆಂದು ತಿಳಿಯದವನಿಗೆ ಮಾತ್ರ ಹದಿನೈದೇ ಕಾಣುತ್ತದೆ.

ಆ ಚಿಕ್ಕ ವಿಕಿಯ ಇನ್ನೊಂದು ದೋಷವನ್ನು ಹೇಳಲೇಬೇಕು, ಏಕೆಂದರೆ ಕೋಷ್ಟಕ ಮಾಡುವ ಯಾರ ಕೈಯಲ್ಲೂ ಅದು ಆಗಬಹುದು. ಬೀಜದ ದರದ ಕಾಲಂನ ತಲೆಯನ್ನು ಒತ್ತಿದರೆ ಸಾಲುಗಳು ಏರಿಕೆಯ ಕ್ರಮಕ್ಕೆ ಬರಬೇಕಿತ್ತು; ಬಂದದ್ದು 100, 20, 400, 50, 80 ಎಂಬ ಕ್ರಮ. ಮೀಡಿಯಾವಿಕಿಯಲ್ಲಿ ಕೋಷ್ಟಕಕ್ಕೆ 'ಸಾರ್ಟಬಲ್' ಎಂಬ ಒಂದು ಪದ ಸೇರಿಸಿದರೆ ಸಾಕು, ಓದುಗರು ತಮಗೆ ಬೇಕಾದಂತೆ ಜೋಡಿಸಿಕೊಳ್ಳಬಹುದು. ಆದರೆ ಕೋಷ್ಟಕದ ಒಂದು ಮನೆಯೊಳಗೆ, ಅಂದರೆ ಚೌಕದೊಳಗೆ, ಸಂಖ್ಯೆಯ ಜೊತೆಗೆ ಅಂಗಡಿಯ ಹೆಸರು, ಐಕಾನ್ ಎಲ್ಲವನ್ನೂ ತುರುಕಿದರೆ ತಂತ್ರಾಂಶ ಅದನ್ನು ಪಠ್ಯವೆಂದು ಭಾವಿಸಿ, ನಿಘಂಟಿನಂತೆ ಮೊದಲ ಅಕ್ಷರ ನೋಡಿ ಜೋಡಿಸುತ್ತದೆ. ಇದಕ್ಕೆ ಪರಿಹಾರವೂ ಅದರಲ್ಲೇ ಇದೆ: 'ಡೇಟಾ-ಸಾರ್ಟ್-ವ್ಯಾಲ್ಯೂ' ಎಂಬ ಗುಣದಲ್ಲಿ ಬರೀ ಸಂಖ್ಯೆಯನ್ನು ಬರೆದಿಟ್ಟರೆ, ಕಣ್ಣಿಗೆ ಕಾಣುವುದು ಏನೇ ಇರಲಿ, ಜೋಡಣೆ ಆ ಸಂಖ್ಯೆಯ ಪ್ರಕಾರ ನಡೆಯುತ್ತದೆ. ಅದಕ್ಕಿಂತ ಸರಳವಾದ ದಾರಿಯೆಂದರೆ ಒಂದು ಮನೆಯಲ್ಲಿ ಒಂದೇ ಸಂಗತಿ ಬರೆಯುವುದು.

ಖಾಲಿ ಮನೆಗಳ ವಿಷಯ ಇದಕ್ಕಿಂತ ಸೂಕ್ಷ್ಮ. ನಮ್ಮ ಅಜ್ಜ ಮಳೆ ಅಳೆಯುವ ಪುಸ್ತಕ ಇಟ್ಟಿದ್ದರು. ಕೊಡಗಿನ ತೋಟದ ಮನೆಗಳಲ್ಲಿ ಅದು ಹೊಸದೇನಲ್ಲ. ಅಡ್ಡಕ್ಕೆ ಹನ್ನೆರಡು ತಿಂಗಳು, ಉದ್ದಕ್ಕೆ ಮೂವತ್ತೊಂದು ತಾರೀಕು, ಒಳಗೆ ಇಂಚು ಮತ್ತು ಸೆಂಟು (ಇಂಚಿನ ನೂರನೇ ಒಂದು ಭಾಗ). ಮಳೆ ಬೀಳದ ದಿನ ಅವರು ಅಡ್ಡಗೆರೆ ಎಳೆಯುತ್ತಿದ್ದರು. ಮಡಿಕೇರಿಗೋ ಮದುವೆಗೋ ಹೋಗಿ ಅಳೆಯಲಾಗದ ದಿನದ ಮನೆಯನ್ನು ಖಾಲಿ ಬಿಡುತ್ತಿದ್ದರು. ಒಮ್ಮೆ ನಾನು ಆ ಖಾಲಿ ಮನೆಗಳಲ್ಲೆಲ್ಲ ಅಂದವಾಗಿ ಅಡ್ಡಗೆರೆ ತುಂಬಿಸಿ ಬೈಸಿಕೊಂಡಿದ್ದೇನೆ. 'ಇಲ್ಲ' ಎನ್ನುವುದಕ್ಕೂ 'ತಿಳಿಯದು' ಎನ್ನುವುದಕ್ಕೂ ನಡುವಿನ ಅಂತರ ಆ ದಿನ ತಲೆಗೆ ಹತ್ತಿತು. 2024ರ ಮಾರ್ಚ್‌ನಲ್ಲಿ ಬಂದ 1.6 ಆವೃತ್ತಿಯಲ್ಲಿ ಕ್ಯಾರೆಟ್, ಬ್ರೊಕೊಲಿ ಮೊದಲಾದ ಹೊಸ ಬೆಳೆಗಳು ಸೇರಿದವು. ಇವುಗಳ ಬೀಜವನ್ನು ಪಿಯರ್ ಅಂಗಡಿಯಲ್ಲಿ ಮಾರುವುದಿಲ್ಲ. ಚಿಕ್ಕ ವಿಕಿಯಲ್ಲಿ ಆ ಬೆಳೆಗಳ ದರದ ಮನೆ ಖಾಲಿ. ಬೀಜ ಅಂಗಡಿಯಲ್ಲಿ ಸಿಗದೆಂದೋ, ಬರೆಯುವವರು ಇನ್ನೂ ಅಲ್ಲಿಗೆ ತಲುಪಿಲ್ಲವೆಂದೋ ಓದುಗನಿಗೆ ತಿಳಿಯುವುದಾದರೂ ಹೇಗೆ?

ಅಧಿಕೃತ ವಿಕಿ ಹಲವು ಭಾಷೆಗಳಲ್ಲಿದೆ, ಕನ್ನಡದಲ್ಲಿಲ್ಲ. ಆಟವೂ ಕನ್ನಡದಲ್ಲಿಲ್ಲದ್ದರಿಂದ ಇದನ್ನು ದೂರೆಂದು ಹೇಳುತ್ತಿಲ್ಲ. ಆದರೂ ಇಂಗ್ಲಿಷ್ ಓದಲು ತಡವರಿಸುವ ಮಕ್ಕಳೂ ಈ ಕೋಷ್ಟಕಗಳನ್ನು ಬಳಸಬಲ್ಲರು ಎಂಬುದನ್ನು ಕಣ್ಣಾರೆ ಕಂಡೆ: ಚಿತ್ರ, ಸಂಖ್ಯೆ, ಬದಲಾಗದ ಕ್ರಮ ಇವಿಷ್ಟೇ ಮುಕ್ಕಾಲು ಪಾಲು ಅರ್ಥವನ್ನು ಹೊರುತ್ತವೆ.

ಒಟ್ಟಿನಲ್ಲಿ, ಒಂದು ಬೆಳೆಯನ್ನು ಬೆಳೆಸುವವರಿಗೆ ಅಧಿಕೃತ ವಿಕಿಯ ಕೋಷ್ಟಕಗಳನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಯಾವ ಬೆಳೆ ಎಂದು ಆರಿಸುವವರು ಪಕ್ಕದಲ್ಲಿ ಕಾಗದವೊಂದನ್ನು ಇಟ್ಟುಕೊಳ್ಳಬೇಕು. ನಮ್ಮ ಹುಡುಗಿ ಹಳೆಯ ಚೆಕ್‌ರೋಲ್ ಎಂಬ ಆಳುಗಳ ಹಾಜರಿ ಪುಸ್ತಕದ ಬರೆಯದ ಹಾಳೆಗಳಲ್ಲಿ ತನ್ನದೇ ಕೋಷ್ಟಕ ಮಾಡಿಕೊಂಡಿದ್ದಾಳೆ. ಬೆಳೆಯ ಹೆಸರಿನ ಪಕ್ಕದಲ್ಲೇ ಅವಳು ಹಾಕಿದ ಕಾಲಂ ನಾನು ಎಲ್ಲೂ ಕಾಣದಿದ್ದದ್ದು: "ಬಿತ್ತಲು ಕೊನೆಯ ದಿನ". ಪಾರ್ಸ್ನಿಪ್‌ಗೆ 24, ಆಲೂಗಡ್ಡೆಗೆ 22, ಹೂಕೋಸಿಗೆ 16. ಕಾಫಿಯ ಸಾಲನ್ನು ಎರಡು ಗೆರೆಯಷ್ಟು ಎತ್ತರ ಬಿಟ್ಟು, ಬೀಜದ 15ರ ಕೆಳಗೆ ಲೋಟದ ಲೆಕ್ಕದ 30 ಬರೆದಿದ್ದಾಳೆ. ಕ್ಯಾರೆಟ್ ಬೀಜದ ದರದ ಮನೆಯಲ್ಲಿ ಅಡ್ಡಗೆರೆ ಇದೆ. ಸ್ಟಾರ್‌ಫ್ರೂಟ್‌ನದು ಖಾಲಿ, ಮರುಭೂಮಿಯ ಅಂಗಡಿಗೆ ಅವಳಿನ್ನೂ ಹೋಗಿಲ್ಲ.